ಎರಡು ಕಾರ್ಬ್ ಬ್ಯಾಲೆನ್ಸ್ ಆಗುತ್ತಿಲ್ಲ, ವ್ಯಾನ್ ಸಿಗ್ನಲ್‌ನಲ್ಲಿ ಆಫ್ ಆಗುತ್ತೆ

ವ್ಯಾನ್_ಬ್ರಿಸ್ಟಲ್:
ತಲೆ ಕೆಟ್ಟುಹೋಗಿದೆ, ಯಾರಾದರೂ ದಾರಿ ತೋರಿಸಿ. ಫೋಕ್ಸ್‌ವ್ಯಾಗನ್ ಕ್ಯಾಂಪರ್, ಬೇ ವಿಂಡೋ (ಮುಂದೆ ಒಂದೇ ದೊಡ್ಡ ಗಾಜಿನ ಹಳೇ ಮಾಡೆಲ್). ಕಾರ್ಬ್ (ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್) ಎರಡನ್ನೂ ಬಿಚ್ಚಿ, ತೊಳೆದು, ಹೊಸ ಕಿಟ್ ಹಾಕಿದ್ದೇನೆ. ತಣ್ಣಗಿದ್ದಾಗ ಚೆನ್ನಾಗಿ ಸ್ಟಾರ್ಟ್ ಆಗುತ್ತೆ. ಬಿಸಿಯಾದ ಮೇಲೆ ಐಡ್ಲಿಂಗ್ ಏರುತ್ತೆ, ಇಳಿಯುತ್ತೆ, ಸಿಗ್ನಲ್‌ನಲ್ಲಿ ನಿಂತರೆ ಆಫ್. ಆಕ್ಸಿಲರೇಟರ್ ಬಿಟ್ಟ ಕೂಡಲೇ ಸೈಲೆನ್ಸರ್‌ನಲ್ಲಿ ಪಟಪಟ ಸದ್ದು. ಗಾಳಿ ಅಳೆಯುವ ಗೇಜ್ ಇಟ್ಟರೆ ಎಡಕ್ಕೆ 8, ಬಲಕ್ಕೆ 5. ಸ್ಕ್ರೂ ತಿರುಗಿಸಿ ಸರಿ ಮಾಡಿದರೂ ಓಡಿಸಿಕೊಂಡು ಬಂದರೆ ಮತ್ತೆ ಅದೇ ಕಥೆ. ರಜೆಗೆ ಕಾರ್ನ್‌ವಾಲ್‌ಗೆ ಹೋಗಬೇಕು, ಮಕ್ಕಳು ದಿನಾ ಕೇಳುತ್ತಿದ್ದಾರೆ.

ಸ್ಪ್ಯಾನರ್_ಶೆಟ್ರು:
ಸರ್, ಯಾವ ವರ್ಷದ್ದು? ಬೇ ವಿಂಡೋದಲ್ಲಿ 1600 ಸಿಸಿ ಎಂಜಿನ್‌ಗೆ ಕಂಪನಿಯಿಂದ ಒಂದೇ ಕಾರ್ಬ್ ಬರುತ್ತಿತ್ತು. ನಿಮ್ಮದು 1700, 1800, 2000 ಇವುಗಳಲ್ಲಿ ಒಂದಿರಬೇಕು. ಕಾರ್ಬ್ ಯಾವ ಕಂಪನಿದು, ಸೋಲೆಕ್ಸಾ, ವೆಬರ್ರಾ? ಯಾವ ಸ್ಕ್ರೂ ತಿರುಗಿಸಿದಿರಿ?

ಏರ್‌ಕೂಲ್ಡ್_ಅಣ್ಣ:
ಕಾರ್ಬ್ ಬಿಡಿ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ನೋಡಿ. ಯಾರೋ 009 ಅನ್ನೋ ಮಾಡೆಲ್ ಹಾಕಿರುತ್ತಾರೆ. ಅದರಲ್ಲಿ ವ್ಯಾಕ್ಯೂಮ್ ಅಡ್ವಾನ್ಸ್ (ಎಂಜಿನ್ ಎಳೆತಕ್ಕೆ ತಕ್ಕಂತೆ ಕಿಡಿಯನ್ನು ಮುಂಚೆ ಕೊಡುವ ವ್ಯವಸ್ಥೆ) ಇಲ್ಲ, ಕಾರ್ಬ್ ಎಷ್ಟು ಟ್ಯೂನ್ ಮಾಡಿದರೂ ಆಕ್ಸಿಲರೇಟರ್ ಕೊಟ್ಟಾಗ ಎಂಜಿನ್ ತಡವರಿಸುತ್ತೆ.

ಆರ್‌ಡಿ_ಮೈಸೂರು:
ನನ್ನ ರಾಜ್‌ದೂತ್ 350 ಬೈಕ್‌ಗೂ ಎರಡು ಮಿಕುನಿ ಕಾರ್ಬ್. ಕೇಬಲ್ ಎಳೆದಾಗ ಎರಡು ಸ್ಲೈಡೂ (ಗಾಳಿ ದಾರಿ ತೆರೆಯುವ ತುಂಡು) ಒಟ್ಟಿಗೆ ಏಳಬೇಕು, ಅಷ್ಟೇ. ಗೇಜ್ ಯಾಕೆ? ಕಿವಿ ಸಾಕು. ಹೋದ ವಾರ ಹೊಸ ಪೈಪ್ ಹಾಕಿಸಿದೆ, ಸೌಂಡ್ ಕೇಳಬೇಕು ನೀವು!

ವ್ಯಾನ್_ಬ್ರಿಸ್ಟಲ್:
1974, 1800. ಸೋಲೆಕ್ಸ್ 34. ಡಿಸ್ಟ್ರಿಬ್ಯೂಟರ್ ಹಳೆಯದೇ, ವ್ಯಾಕ್ಯೂಮ್ ಇದೆ.

ಏರ್‌ಕೂಲ್ಡ್_ಅಣ್ಣ:
ವ್ಯಾಕ್ಯೂಮ್ ಇದ್ದರೆ ಒಳಗಿನ ಡಯಾಫ್ರಂ (ತೆಳು ಪೊರೆ) ಹರಿದಿರಬಹುದು. ಕಿಡಿಗೆ ಸ್ವಿಚ್ ಥರ ಇರೋ ಪಾಯಿಂಟ್‌ನ ಗ್ಯಾಪ್ 0.4 ಮಿಮೀ ಇದೆಯಾ? ಡ್ವೆಲ್ (ಪಾಯಿಂಟ್ ಮುಚ್ಚಿರುವ ಕೋನ) ಎಷ್ಟು?

ಸ್ಪ್ಯಾನರ್_ಶೆಟ್ರು:
ಅಣ್ಣಾ, ಇಗ್ನಿಷನ್ ತಪ್ಪಿದರೆ ಬಲಗಡೆ ಮಾತ್ರ ಗೇಜ್ ಯಾಕೆ ಇಳಿಯುತ್ತೆ? ಕಾರ್ಬ್ ತಪ್ಪಿಸಿ ಬೇರೆಲ್ಲೋ ಗಾಳಿ ಒಳಗೆ ಹೋಗುತ್ತಿದೆ, ಅದಕ್ಕೇ ಕಾರ್ಬ್ ಬಾಯಲ್ಲಿ ಕಡಿಮೆ ತೋರಿಸುತ್ತೆ. ಮಿಕ್ಸ್ಚರ್ ತೆಳುವಾಗುತ್ತೆ (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ), ಪಟಪಟ ಅನ್ನೋದೂ ಅದರಿಂದಲೇ ಇರಬಹುದು.

ಸರ್, ಈ ಸೋಲೆಕ್ಸ್ ಬೇರೆಯವುಗಳ ಹಾಗಲ್ಲ. ಐಡ್ಲಿಂಗ್ ಮಿಕ್ಸ್ಚರ್‌ನಲ್ಲಿ ಹೆಚ್ಚಿನದು ಎಡಗಡೆ ಕಾರ್ಬ್‌ನಲ್ಲೇ ತಯಾರಾಗಿ, ಬ್ಯಾಲೆನ್ಸ್ ಪೈಪ್ ಮೂಲಕ ಎರಡೂ ಕಡೆಗೆ ಹೋಗುತ್ತೆ. ಆ ಪೈಪ್‌ನ ಎರಡೂ ತುದಿಗೆ ರಬ್ಬರ್ ಇದೆ. ಸ್ಕ್ರೂ ಮುಟ್ಟಬೇಡಿ. ಎಂಜಿನ್ ಬಿಸಿ ಮಾಡಿ, ಐಡ್ಲಿಂಗ್‌ನಲ್ಲಿ ಬಿಟ್ಟು, ರಬ್ಬರ್ ಮೇಲೆ, ಮ್ಯಾನಿಫೋಲ್ಡ್ (ಕಾರ್ಬ್‌ನಿಂದ ಎಂಜಿನ್‌ಗೆ ಹೋಗುವ ಕೊಳವೆ) ಗ್ಯಾಸ್ಕೆಟ್ ಮೇಲೆ ಕಾರ್ಬ್ ಕ್ಲೀನರ್ ಚೂರೇ ಚೂರು ಹೊಡೆಯಿರಿ. ಸದ್ದು ಬದಲಾದ ಜಾಗವೇ ಲೀಕ್. ಬೆಂಕಿ ನಂದಿಸುವ ಸಿಲಿಂಡರ್ ಪಕ್ಕದಲ್ಲಿರಲಿ, ಇದು ತಮಾಷೆ ಅಲ್ಲ. ಬ್ರೇಕ್ ಸರ್ವೋ ಪೈಪನ್ನೂ ಒತ್ತಿ ನೋಡಿ, ಅಲ್ಲೂ ಲೀಕ್ ಇರಬಹುದು.

ವೆಬರ್_ಭಕ್ತ:
ಇಷ್ಟೆಲ್ಲ ಯಾಕೆ? ಎರಡು ವೆಬರ್ 34 ಐಸಿಟಿ ಹಾಕಿ, ಮುಗೀತು.

ಸ್ಪ್ಯಾನರ್_ಶೆಟ್ರು:
ಲೀಕ್ ಇದ್ದರೆ ವೆಬರ್‌ಗೂ ಇದೇ ಗತಿ. ಸುಮ್ನೆ ದುಡ್ಡು ಖರ್ಚು.

ವ್ಯಾನ್_ಬ್ರಿಸ್ಟಲ್:
ಶೆಟ್ರೇ, ಸಿಕ್ಕಿತು! ಬಲಗಡೆ ಬ್ಯಾಲೆನ್ಸ್ ಪೈಪ್ ರಬ್ಬರ್. ಮೇಲಿಂದ ಹೊಸದರಂತೆ ಕಾಣುತ್ತೆ. ಬಗ್ಗಿಸಿದರೆ ಕೆಳಗಡೆ ಉಗುರು ಹೋಗುವಷ್ಟು ಸೀಳು. ಸ್ಪ್ರೇ ಬಿದ್ದ ಕೂಡಲೇ ಆರ್‌ಪಿಎಂ ಬದಲಾಯಿತು.

ಆರ್‌ಡಿ_ಮೈಸೂರು:
ಎಥನಾಲ್ ಕೆಲಸ. ಇಲ್ಲಿ ಇ20 (20% ಎಥನಾಲ್ ಬೆರೆಸಿದ ಪೆಟ್ರೋಲ್) ಬಂದ ಮೇಲೆ ನನ್ನ ಪೆಟ್ರೋಲ್ ಪೈಪ್ ಮೆತ್ತಗಾಯಿತು.

ವೆಬರ್_ಭಕ್ತ:
ಬ್ರಿಟನ್‌ನಲ್ಲಿ 2021ರಿಂದ ಇ10 ಅಲ್ವಾ? ಸೂಪರ್ ಗ್ರೇಡ್ ಹಾಕಿಸಿ, ಅದು ಇ5.

ಸ್ಪ್ಯಾನರ್_ಶೆಟ್ರು:
ಈ ರಬ್ಬರ್ ಎಂಜಿನ್ ಬಿಸಿಗೂ ಒಡೆಯುತ್ತೆ. ಎರಡೂ ಕಡೆಯದನ್ನು ಬದಲಾಯಿಸಿ. ಆಮೇಲೆ ಎಂಜಿನ್ ಪೂರ್ತಿ ಬಿಸಿಯಾದಾಗಲೇ ಬ್ಯಾಲೆನ್ಸ್ ಮಾಡಿ. ಈ ಎಂಜಿನ್ ಬಿಸಿಗೆ ಅಗಲವಾಗುತ್ತೆ, ಎರಡೂ ಕಾರ್ಬ್ ಎಳೆಯುವ ಲಿಂಕೇಜ್ ರಾಡ್‌ಗಳ ಅಳತೆ ಬದಲಾಗುತ್ತೆ.

ವ್ಯಾನ್_ಬ್ರಿಸ್ಟಲ್:
ಹೊಸ ರಬ್ಬರ್ ಹಾಕಿದೆ. ಐಡ್ಲಿಂಗ್‌ನಲ್ಲಿ ಎರಡೂ ಕಡೆ 6ರ ಹತ್ತಿರ, ಆಫ್ ಆಗುತ್ತಿಲ್ಲ. ಆದರೆ 2500 ಆರ್‌ಪಿಎಂನಲ್ಲಿ ಬಲಗಡೆ ಇನ್ನೂ ಸ್ವಲ್ಪ ಕಡಿಮೆ.

ಸ್ಪ್ಯಾನರ್_ಶೆಟ್ರು:
ಅದು ಲಿಂಕೇಜ್. ಬಲಗಡೆ ರಾಡ್‌ನ ಬಾಲ್ ಜಾಯಿಂಟ್ ಸವೆದಿದೆಯಾ ನೋಡಿ. ಕಾರ್ಬ್‌ನ ಥ್ರಾಟಲ್ ಶಾಫ್ಟನ್ನೂ ಹಿಡಿದು ಅಲ್ಲಾಡಿಸಿ. ಸಡಿಲ ಇದ್ದರೆ ಬುಷ್ ಹಾಕಿಸಬೇಕು.

ಏರ್‌ಕೂಲ್ಡ್_ಅಣ್ಣ:
ಡ್ವೆಲ್ ಎಷ್ಟು ಅಂತ ಇನ್ನೂ ಹೇಳಲಿಲ್ಲ.