ಸಿಯಾಚಿನ್ ಪೋಸ್ಟ್‌ನಲ್ಲಿ ದಿನ ಹೇಗೆ ಸಾಗುತ್ತೆ? ನೀರು, ಒಲೆ, ಉಸಿರಾಟದ ವಿವರ ಬೇಕು

ಮಲೆನಾಡ_ಓದುಗ:
ಸಿಯಾಚಿನ್ ಅಂದ್ರೆ ಟಿವಿಯಲ್ಲಿ ಮೈನಸ್ 50 ಡಿಗ್ರಿ, ಧ್ವಜ, ಸೆಲ್ಯೂಟ್ ಇಷ್ಟೇ ತೋರಿಸ್ತಾರೆ. 2003ರ ನವೆಂಬರ್‌ನಿಂದ ಅಲ್ಲಿ ಕದನವಿರಾಮ ಇದೆ, ಆದರೂ ಯೋಧರು ಸಾಯ್ತಾನೇ ಇದ್ದಾರೆ. 18–20 ಸಾವಿರ ಅಡಿ ಎತ್ತರದಲ್ಲಿ ಕುಡಿಯೋ ನೀರು ಎಲ್ಲಿಂದ ಬರುತ್ತೆ, ಅನ್ನ ಬೇಯುತ್ತಾ, ಮಲಗೋದು ಹೇಗೆ, ಬಂದೂಕು ಕೆಲಸ ಮಾಡುತ್ತಾ? ತಿಳಿದವರು ಬಿಡಿಸಿ ಹೇಳಿ. ವೀರಗಾಥೆ ಬೇಡ, ದಿನದ ಕೆಲಸ ಹೇಗೆ ನಡೆಯುತ್ತೆ ಅನ್ನೋದು ಬೇಕು.

ಒಲೆ_ಮತ್ತು_ಹಿಮ:
ಸೀಮೆಎಣ್ಣೆಯಿಂದ ಶುರು ಮಾಡೋಣ, ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ.

ಮೇಲೆ ಹರಿಯುವ ನೀರಿಲ್ಲ, ಹಿಮ ಕರಗಿಸಬೇಕು. ಮೈನಸ್ 20ರಲ್ಲಿರುವ ಒಂದು ಕಿಲೋ ಹಿಮವನ್ನು ಕುಡಿಯುವ ಹದಕ್ಕೆ ತರಲು ಸುಮಾರು 460 ಕಿಲೋಜೂಲ್ ಶಾಖ ಬೇಕು. ಒಂದು ಲೀಟರ್ ಸೀಮೆಎಣ್ಣೆಯಲ್ಲಿ ಹತ್ತಿರಹತ್ತಿರ 35,000 ಕಿಲೋಜೂಲ್ ಇರುತ್ತೆ. ಅದರಲ್ಲಿ 40 ಶೇಕಡಾ ಪಾತ್ರೆಗೆ ತಲುಪಿತು ಅಂದ್ಕೊಂಡ್ರೂ ಕಾಗದದ ಮೇಲೆ 30 ಲೀಟರ್ ನೀರು. ಗಾಳಿ, ಮುಚ್ಚದ ಪಾತ್ರೆ, ಮಸಿ ಹಿಡಿದ ಬರ್ನರ್ ಸೇರಿದರೆ ಅದು ಅರ್ಧಕ್ಕೆ ಇಳಿಯುತ್ತೆ. ಒಣಗಾಳಿಯಲ್ಲಿ ಜೋರಾಗಿ ಉಸಿರಾಡುವುದರಿಂದ ದೇಹದ ನೀರು ಉಸಿರಲ್ಲೇ ಹೋಗುತ್ತೆ, ಹಾಗಾಗಿ ಒಬ್ಬನಿಗೆ ದಿನಕ್ಕೆ 4–5 ಲೀಟರ್ ಬೇಕು. ಹತ್ತು ಜನರ ಪೋಸ್ಟ್‌ಗೆ ಬರೀ ಕುಡಿಯುವ ನೀರಿಗೇ ಮೂರು ಲೀಟರ್ ಎಣ್ಣೆ. ಅಡುಗೆ, ಬುಖಾರಿ (ಗುಡಿಸಲು ಬೆಚ್ಚಗಿಡುವ ಸೀಮೆಎಣ್ಣೆ ಒಲೆ) ಬೇರೆ. ಸ್ನಾನ ಯಾಕೆ ಅಪರೂಪ ಅನ್ನೋದಕ್ಕೆ ಈ ಲೆಕ್ಕವೇ ಸಾಕು.

ಕರಗಿಸುವುದಕ್ಕೂ ಕ್ರಮ ಇದೆ. ಪಾತ್ರೆಯ ತಳದಲ್ಲಿ ಎರಡು ಬೆರಳು ನೀರು ಉಳಿಸಿಕೊಂಡೇ ಹೊಸ ಹಿಮ ಹಾಕಬೇಕು. ಒಣ ಹಿಮದ ತುಂಬ ಗಾಳಿಯೇ ಇರುತ್ತೆ, ಖಾಲಿ ಪಾತ್ರೆಗೆ ಸುರಿದರೆ ಶಾಖ ಮೇಲಕ್ಕೆ ಹೋಗಲ್ಲ, ತಳ ಸೀದು ನೀರೆಲ್ಲ ಕಮಟು ವಾಸನೆ. ಹೊಸದಾಗಿ ಬಿದ್ದ ಹಿಮ ಹತ್ತು ಬಕೆಟ್ ತಂದರೆ ನೀರು ಒಂದು ಬಕೆಟ್ ಸಿಗಬಹುದು. ಅದಕ್ಕೇ ಗಟ್ಟಿಯಾಗಿ ಕೂತ ಹಳೆಯ ಹಿಮವನ್ನೇ ಕಡಿಯುತ್ತಾರೆ. ಕಡಿಯುವ ಜಾಗ ಗಾಳಿ ಬೀಸಿ ಬರುವ ಕಡೆ, ಶೌಚದ ಜಾಗ ಅದರ ವಿರುದ್ಧ ದಿಕ್ಕಿಗೆ. ಇದು ತಪ್ಪಿದರೆ ಬುಖಾರಿಯ ಮಸಿ ನೀರಿಗೆ ಬೀಳುತ್ತೆ, ಬೇಧಿಯೂ ಶುರುವಾಗುತ್ತೆ.

18,000 ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧ. ನೀರು 82 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತೆ, ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದೇ ಇಲ್ಲ. ಪ್ರೆಶರ್ ಕುಕ್ಕರ್ ಒಳಗೆ 112 ಡಿಗ್ರಿವರೆಗೆ ಏರುತ್ತೆ, ಅನ್ನ ಆಗುತ್ತೆ. ತೊಂದರೆ ಕೊಡುವುದು ಗ್ಯಾಸ್ಕೆಟ್: ಚಳಿಗೆ ರಬ್ಬರ್ ಬಿರುಸಾಗಿ ಆವಿ ಸೋರುತ್ತೆ. ಬೆಚ್ಚಗೆ ಮಾಡಿಯೇ ಹಾಕಬೇಕು.

ಇನ್ನು ಬುಖಾರಿ. ಫೈಬರ್ ಗುಡಿಸಲೊಳಗೆ ಅದಿಲ್ಲದೆ ಆಗಲ್ಲ, ಆದರೆ ಹಿಮಗಾಳಿ ಎದ್ದಾಗ ಚಿಮಣಿ, ಗಾಳಿಕಂಡಿ ಎರಡೂ ಮುಚ್ಚಿಹೋಗುತ್ತವೆ. ಆಮ್ಲಜನಕ ಕಡಿಮೆ ಇರುವಲ್ಲಿ ಎಣ್ಣೆ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತೆ. ಅದಕ್ಕೆ ವಾಸನೆ ಇಲ್ಲ. ತಲೆನೋವು, ವಾಂತಿ ಬಂದರೆ ಎತ್ತರದ ಕಾಯಿಲೆ ಅಂತಲೇ ಎಲ್ಲರೂ ತಿಳಿಯುತ್ತಾರೆ. ಗುಡಿಸಲಲ್ಲಿರುವ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂತೆಂದರೆ ಮೊದಲು ಬಾಗಿಲು ತೆರೆಯಬೇಕು, ಆಮೇಲೆ ಮಾತು. ಹಿಮ ಸುರಿಯುವ ರಾತ್ರಿ ಒಬ್ಬ ಎಚ್ಚರ ಇದ್ದು ಕಂಡಿ ಬಿಡಿಸುತ್ತಲೇ ಇರಬೇಕು.

ಕಡೆಯದಾಗಿ, ಸೀಮೆಎಣ್ಣೆ ಮೈನಸ್ 30ರಲ್ಲೂ ಹೆಪ್ಪುಗಟ್ಟಲ್ಲ, ಆದರೆ ಅದೂ ಮೈನಸ್ 30ರಲ್ಲೇ ಇರುತ್ತೆ. ಬರಿಗೈ ಮೇಲೆ ಚೆಲ್ಲಿದರೆ ಚರ್ಮ ಅಲ್ಲೇ ಹೆಪ್ಪುಗಟ್ಟುತ್ತೆ. ತುಂಬಿಸುವಾಗ ಕೈಗವಸು ತೆಗೆಯುವಂತಿಲ್ಲ.

ಶಿಬಿರ_ವೈದ್ಯ:
ಚಳಿಯ ಬಗ್ಗೆ ಎಲ್ಲರೂ ಮಾತಾಡ್ತಾರೆ. ನನ್ನ ಪ್ರಕಾರ ಮೊದಲ ಅಪಾಯ ತೆಳು ಗಾಳಿ.

ಸೇನೆಯಲ್ಲಿ ದೇಹ ಒಗ್ಗಿಸಲು ಒಟ್ಟು 14 ದಿನಗಳ ಮೂರು ಹಂತಗಳಿವೆ. 9,000ದಿಂದ 12,000 ಅಡಿವರೆಗೆ 6 ದಿನ: ಮೊದಲ ಎರಡು ದಿನ ವಿಶ್ರಾಂತಿ, ಮುಂದಿನ ಎರಡು ದಿನ ನಿಧಾನ ನಡಿಗೆ, ಕೊನೆಯ ಎರಡು ದಿನ 5 ಕಿಲೋಮೀಟರ್‌ವರೆಗೆ ನಡೆದು 300 ಮೀಟರ್ ಏರುವುದು. 15,000 ಅಡಿವರೆಗೆ ಇನ್ನು 4 ದಿನ, ಅದರ ಮೇಲಕ್ಕೆ ಮತ್ತೆ 4 ದಿನ. ಗಟ್ಟಿಮುಟ್ಟಾದ ಹುಡುಗರೇ ಇಲ್ಲಿ ಎಡವೋದು. ಉಸಿರು ಚೆನ್ನಾಗಿದೆ ಅಂತ ಎರಡನೇ ದಿನವೇ ಓಡಾಡಿ, ಮೂರನೇ ದಿನ ಮಲಗುತ್ತಾರೆ.

ಶ್ವಾಸಕೋಶದಲ್ಲಿ ನೀರು ತುಂಬುವ ಕಾಯಿಲೆಗೆ ಅಲ್ಲಿ ಎಲ್ಲರೂ ಹೇಪ್ ಅಂತಲೇ ಹೇಳೋದು. ಒಣಕೆಮ್ಮು, ಕೂತಲ್ಲೇ ಏದುಸಿರು, ಕಡೆಗೆ ಗುಲಾಬಿ ಬಣ್ಣದ ನೊರೆಕಫ. ಮಿದುಳು ಊದಿಕೊಂಡರೆ ನಡಿಗೆ ತಪ್ಪುತ್ತೆ: ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸಿ ನೇರ ಗೆರೆಯಲ್ಲಿ ನಡೆಸಿ ನೋಡಬೇಕು, ತೂರಾಡಿದರೆ ಕಾಯುವಂತಿಲ್ಲ. ಎರಡಕ್ಕೂ ನಿಜವಾದ ಮದ್ದು ಕೆಳಗಿಳಿಸುವುದು. ಹೇಪ್‌ಗೆ ಆಮ್ಲಜನಕ, ನಿಫೆಡಿಪಿನ್. ಮಿದುಳಿನದಕ್ಕೆ ಆಮ್ಲಜನಕ, ಡೆಕ್ಸಾಮೆಥಾಸೋನ್. ಇವೆಲ್ಲ ಇಳಿಸುವವರೆಗಿನ ಆಸರೆ. ಹವಾಮಾನ ಕೆಟ್ಟು ಚೀತಾ ಹೆಲಿಕಾಪ್ಟರ್ ಬರದಿದ್ದರೆ ರೋಗಿಯನ್ನು ಒತ್ತಡದ ಚೀಲದೊಳಗೆ ಮಲಗಿಸಿ ಹೊರಗಿನಿಂದ ಕಾಲಿನಿಂದ ಪಂಪ್ ಒತ್ತುತ್ತಾರೆ. ಒಳಗೆ 1,500 ಮೀಟರ್‌ಗಿಂತ ಹೆಚ್ಚು ಕೆಳಗಿಳಿದಷ್ಟು ಪರಿಣಾಮ. ಪಂಪ್ ನಿಲ್ಲಿಸಿದರೆ ಒಳಗಿನ ಗಾಳಿ ಕೆಡುತ್ತೆ, ಆದ್ದರಿಂದ ಸರದಿಯಂತೆ ಒತ್ತುತ್ತಲೇ ಇರಬೇಕು.

ನಿದ್ದೆ ಸರಿಯಾಗಿ ಬರಲ್ಲ. ಮಲಗಿದಾಗ ಉಸಿರು ಕೆಲವು ಸೆಕೆಂಡು ನಿಂತು, ಮತ್ತೆ ಜೋರಾಗಿ ಎಳೆದು ಎಚ್ಚರಿಸುತ್ತೆ. ಅದಕ್ಕೆ ನಿದ್ದೆಮಾತ್ರೆ ನುಂಗಿದರೆ ಉಸಿರಾಟ ಇನ್ನೂ ಕುಗ್ಗುತ್ತೆ. ಹಸಿವೂ ಸತ್ತುಹೋಗುತ್ತೆ, ತೂಕ ಇಳಿಯುತ್ತೆ. ಹೊಟ್ಟೆಗೆ ಬೇಡ ಅನಿಸಿದರೂ ಗಂಟೆ ನೋಡಿ ತಿನ್ನಬೇಕು.

ಮಲೆನಾಡ_ಓದುಗ:
ತುಂಬಾ ಧನ್ಯವಾದ. ಹಿಮಗಡಿತಕ್ಕೆ ಕಾಲನ್ನು ಬೆಂಕಿ ಹತ್ತಿರ ಇಡಬಾರದು ಅಂತಾರಲ್ಲ, ಯಾಕೆ?

ಶಿಬಿರ_ವೈದ್ಯ:
ಮರಗಟ್ಟಿದ ಕಾಲಿಗೆ ಬಿಸಿ ತಿಳಿಯಲ್ಲ, ಸುಟ್ಟಿದ್ದು ಗೊತ್ತೇ ಆಗಲ್ಲ. 37–39 ಡಿಗ್ರಿ ನೀರಲ್ಲಿ ಮುಳುಗಿಸಬೇಕು. ಉಜ್ಜಬಾರದು, ಹಿಮ ತಿಕ್ಕುವುದಂತೂ ಬೇಡವೇ ಬೇಡ. ಮುಖ್ಯವಾದ ಮಾತು: ಮತ್ತೆ ಹೆಪ್ಪುಗಟ್ಟುವ ಸಾಧ್ಯತೆ ಇದ್ದರೆ ಕರಗಿಸಲೇಬಾರದು. ಕರಗಿ ಎರಡನೇ ಸಲ ಹೆಪ್ಪುಗಟ್ಟಿದರೆ ಬೆರಳು ಉಳಿಯುವುದು ಕಷ್ಟ. ತಡೆಯುವ ದಾರಿ ಸರಳ. ಬೆವರಿದ ಕಾಲುಚೀಲ ತಕ್ಷಣ ಬದಲಿಸಿ, ಒದ್ದೆಯದನ್ನು ಅಂಗಿಯೊಳಗೆ ಹೊಟ್ಟೆ ಮೇಲೆ ಒಣಗಿಸಿ. ಬೂಟು ಬಿಗಿದರೆ ರಕ್ತ ಓಡಲ್ಲ.

ಹಗ್ಗದ_ಸಾಲು:
ಬಂದೂಕಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಮಾಮೂಲಿ ಎಣ್ಣೆ ಚಳಿಗೆ ಮಂದವಾಗಿ ಬೋಲ್ಟ್ ಹಿಡಿದುಕೊಳ್ಳುತ್ತೆ. ಪೂರ್ತಿ ಒರೆಸಿ, ಚಳಿಗೆಂದೇ ಮಾಡಿದ ಎಣ್ಣೆಯನ್ನು ತೆಳ್ಳಗೆ ಸವರಬೇಕು. ಇದಕ್ಕಿಂತ ದೊಡ್ಡ ತಪ್ಪು ಆಯುಧವನ್ನು ಬೆಚ್ಚಗಿನ ಗುಡಿಸಲೊಳಗೆ ತರುವುದು: ತಣ್ಣನೆಯ ಲೋಹದ ಮೇಲೆ ಒಳಗಿನ ತೇವ ಕೂತು, ಹೊರಗೆ ಒಯ್ದ ಕೂಡಲೇ ಮಂಜುಗಡ್ಡೆ ಆಗುತ್ತೆ. ಹೊರಗೇ ಮುಚ್ಚಿಡುವುದು ಮೇಲು. ರೇಡಿಯೋ ಬ್ಯಾಟರಿ ಮಾತ್ರ ಎದೆಯ ಜೇಬಿನಲ್ಲಿ.

ಗಸ್ತು ಹೋಗುವುದು ರಾತ್ರಿ ಅಥವಾ ನಸುಕಿನಲ್ಲಿ. ಬಿಸಿಲೇರಿದರೆ ಹಿಮನದಿಯ ಆಳವಾದ ಬಿರುಕಿನ ಮೇಲಿನ ಹಿಮದ ಸೇತುವೆ ಮೆತ್ತಗಾಗಿ ಕುಸಿಯುತ್ತೆ. ಎಲ್ಲರೂ ಒಂದೇ ಹಗ್ಗದಲ್ಲಿ, ನಡುವೆ ಅಂತರ ಬಿಟ್ಟು, ಹಗ್ಗ ಸಡಿಲ ಬಿಡದೆ ನಡೆಯಬೇಕು. ಸಡಿಲ ಇದ್ದಷ್ಟೂ ಬಿದ್ದವನು ಆಳಕ್ಕೆ ಹೋಗುತ್ತಾನೆ, ಜರ್ಕ್ ಹಿಂದಿನವನನ್ನೂ ಎಳೆಯುತ್ತೆ. ಮೋಡವಿದ್ದರೂ ಕನ್ನಡಕ ಕಡ್ಡಾಯ. ಹಿಮಕುರುಡು ಆರೇಳು ಗಂಟೆ ಕಳೆದ ಮೇಲೆ ಬರುತ್ತೆ, ಅಷ್ಟರಲ್ಲಿ ಹಾನಿ ಆಗಿಹೋಗಿರುತ್ತೆ.

ಹಿಮಪಾತದಲ್ಲಿ ಹೂತವರು ಬದುಕುವ ಸಾಧ್ಯತೆ ಕಾಲು ಗಂಟೆಯ ನಂತರ ಥಟ್ಟನೆ ಇಳಿಯುತ್ತೆ, ಕಾರಣ ಉಸಿರು ಕಟ್ಟುವುದು. 2016ರ ಫೆಬ್ರವರಿ 3ರಂದು ಸೋನಮ್ ಪೋಸ್ಟ್ ಮೇಲೆ ಹಿಮ ಕುಸಿದಾಗ ಮದ್ರಾಸ್ ರೆಜಿಮೆಂಟ್‌ನ ಹತ್ತು ಜನ ಹೂತುಹೋದರು. ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನದ ಮೇಲೆ ಜೀವಂತ ಸಿಕ್ಕರು, ಫೆಬ್ರವರಿ 11ರಂದು ದಿಲ್ಲಿಯಲ್ಲಿ ತೀರಿಕೊಂಡರು. ಟಿವಿಯವರು ಪವಾಡ ಅಂದರು. ಅವರ ಸುತ್ತ ಗಾಳಿಯ ಪೊಳ್ಳು ಉಳಿದಿದ್ದು ಮುಖ್ಯ ಕಾರಣ, ಹುಡುಕುವವರು ಅಷ್ಟು ದಿನ ಆ ಗಟ್ಟಿ ಹಿಮ ಕಡಿಯುವುದನ್ನು ನಿಲ್ಲಿಸದಿದ್ದದ್ದು ಇನ್ನೊಂದು.

ಹುಡುಕುವ ಕ್ರಮ: ಪ್ರತಿಯೊಬ್ಬನ ಮೈಮೇಲೂ ಸಿಗ್ನಲ್ ಕಳಿಸುವ ಯಂತ್ರ ಇರಬೇಕು. ಹೂತವನನ್ನು ಬಿಟ್ಟು ಉಳಿದವರೆಲ್ಲ ಕೂಡಲೇ ತಮ್ಮದನ್ನು ಗ್ರಹಿಸುವ ಸ್ಥಿತಿಗೆ ತಿರುಗಿಸಬೇಕು. ಒಬ್ಬ ಮರೆತರೂ ಎಲ್ಲರೂ ಅವನ ಸಿಗ್ನಲ್ ಹಿಂದೆಯೇ ಸುತ್ತುತ್ತಾರೆ. ಸಿಗ್ನಲ್ ಜೋರಾದಲ್ಲಿ ಉದ್ದನೆಯ ಸಲಾಕೆ ಚುಚ್ಚಿ, ತಾಗಿದ ಮೇಲೆ ಅದನ್ನು ಕೀಳದೆ ಅಲ್ಲೇ ಬಿಟ್ಟು, ಇಳಿಜಾರಿನ ಕೆಳಬದಿಯಿಂದ ಅಡ್ಡಲಾಗಿ ಅಗೆಯಬೇಕು. ನೇರ ಮೇಲಿನಿಂದ ಅಗೆದರೆ ಕೆಳಗಿರುವವನ ಗಾಳಿಯ ಪೊಳ್ಳು ಕಾಲ್ತುಳಿತಕ್ಕೇ ಕುಸಿಯುತ್ತೆ.