ಸಾಲದ ದಾವೆಯಲ್ಲಿ ರಾಜ್ಯ ನ್ಯಾಯಾಲಯ ಕೊಟ್ಟ ತೀರ್ಪನ್ನು ಫೆಡರಲ್ ನ್ಯಾಯಾಲಯ ರದ್ದುಪಡಿಸಬಹುದೇ?

ಪ್ರಶ್ನೆ:
ನ್ಯೂಜೆರ್ಸಿಯಲ್ಲಿರುವ ನನ್ನ ತಮ್ಮನ ಮೇಲೆ ವಸೂಲಿ ಕಂಪನಿಯೊಂದು ಕ್ರೆಡಿಟ್ ಕಾರ್ಡ್ ಬಾಕಿಗಾಗಿ ದಾವೆ ಹೂಡಿ, ಅವನು ಬಿಟ್ಟುಹೋಗಿದ್ದ ಮನೆಯ ವಿಳಾಸಕ್ಕೆ ಸಮನ್ಸ್ ಕಳುಹಿಸಿ, ರಾಜ್ಯ ನ್ಯಾಯಾಲಯದಿಂದ ಏಕಪಕ್ಷೀಯ ತೀರ್ಪು ಪಡೆದಿದೆ. ಈಗ ಸಂಬಳದಲ್ಲಿ ಕಡಿತ ಆರಂಭವಾಗಿದೆ. ನೋಟಿಸ್ ತಲುಪದೆ ಆದ ಈ ತೀರ್ಪನ್ನು ಸಂವಿಧಾನದ ಆಧಾರದ ಮೇಲೆ ಫೆಡರಲ್ ಜಿಲ್ಲಾ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದೇ?

ಉತ್ತರ 1:
ಸಾಮಾನ್ಯವಾಗಿ ಸಾಧ್ಯವಿಲ್ಲ. ರಾಜ್ಯ ನ್ಯಾಯಾಲಯಗಳ ಅಂತಿಮ ತೀರ್ಪನ್ನು ಪರಿಶೀಲಿಸುವ ಅಧಿಕಾರವನ್ನು ಅಮೆರಿಕದ ಕಾನೂನು ಸುಪ್ರೀಂ ಕೋರ್ಟಿಗೆ ಮಾತ್ರ ಕೊಟ್ಟಿರುವುದರಿಂದ, ಜಿಲ್ಲಾ ನ್ಯಾಯಾಲಯವು ಮೇಲ್ಮನವಿ ನ್ಯಾಯಾಲಯದಂತೆ ವರ್ತಿಸುವಂತಿಲ್ಲ. 1923ರ ರೂಕರ್ ಮತ್ತು 1983ರ ಫೆಲ್ಡ್‌ಮನ್ ಪ್ರಕರಣಗಳಿಂದ ಈ ತತ್ವಕ್ಕೆ ಆ ಜೋಡಿ ಹೆಸರೇ ನಿಂತಿದೆ. ತೀರ್ಪು ತಪ್ಪೆಂಬ ವಾದವನ್ನು ಅದು ಕೊಟ್ಟ ರಾಜ್ಯದ ನ್ಯಾಯಾಲಯಗಳಲ್ಲೇ ಮಂಡಿಸಬೇಕು.

ಉತ್ತರ 2:
ಮೇಲಿನ ಮಾತು ಸರಿ, ಆದರೆ ಆ ತತ್ವದ ವ್ಯಾಪ್ತಿ ಕಿರಿದು. ತೀರ್ಪಿನಿಂದಲೇ ಆದ ಹಾನಿಗೆ ಪರಿಹಾರ ಕೋರಿ, ಆ ತೀರ್ಪನ್ನೇ ತಳ್ಳಿಹಾಕಬೇಕೆಂದು ಸೋತವರು ಬಂದಾಗ ಮಾತ್ರ ಅದು ಅನ್ವಯಿಸುತ್ತದೆಂದು 2005ರ ಎಕ್ಸಾನ್ ಮೊಬಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ವಸೂಲಿದಾರರ ಮೋಸದ ನಡೆಯ ವಿರುದ್ಧ 1977ರ ಸಾಲ ವಸೂಲಿ ಕಾಯಿದೆಯಡಿ ನಷ್ಟ ಪರಿಹಾರ ಕೇಳುವುದು ಬೇರೆಯೇ ದಾವೆ. ಅದಕ್ಕಿರುವ ಕಾಲಮಿತಿ ಮಾತ್ರ ಒಂದೇ ವರ್ಷ. ಹಳೆಯ ವಿಳಾಸಕ್ಕೆ ಸಮನ್ಸ್ ಹೋಗಿ 2009ರಲ್ಲಿ ತೀರ್ಪಾಗಿ, 2014ರವರೆಗೂ ಸಾಲಗಾರನಿಗೆ ತಿಳಿಯದಿದ್ದ ರಾಟ್‌ಕಿಸ್ಕಿ ಪ್ರಕರಣದಲ್ಲಿ, ಕಾಲಮಿತಿಯು ಉಲ್ಲಂಘನೆಯ ದಿನದಿಂದಲೇ ಎಣಿಕೆಯಾಗುತ್ತದೆ, ತಿಳಿದ ದಿನದಿಂದಲ್ಲ ಎಂದು 2019ರಲ್ಲಿ ತೀರ್ಮಾನವಾಯಿತು. ನೋಟಿಸನ್ನೇ ಕಾಣದವನಿಗೆ ಇದು ಅನ್ಯಾಯವೆಂಬುದು ನನ್ನ ದೃಢ ಅಭಿಪ್ರಾಯ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಸಂಬಳದ ಕಡಿತಕ್ಕಾದರೂ ಫೆಡರಲ್ ನ್ಯಾಯಾಲಯದಿಂದ ತಡೆಯಾಜ್ಞೆ ತರಬಹುದೇ?

ಉತ್ತರ 1:
ಅದೂ ಬಹಳ ಕಷ್ಟ. ರಾಜ್ಯದ ಕಲಾಪಗಳಿಗೆ ತಡೆ ನೀಡುವುದನ್ನು 1793ರಿಂದಲೂ ಕಾನೂನು ನಿರ್ಬಂಧಿಸಿದೆ. ತೀರ್ಪಿನ ನಂತರದ ವಿಚಾರಣೆಗೆ ಬಾರದ ನ್ಯೂಯಾರ್ಕಿನ ಸಾಲಗಾರರನ್ನು ನ್ಯಾಯಾಂಗ ನಿಂದನೆಗೆ ಗುರಿಪಡಿಸಿದ್ದ ಪ್ರಕರಣದಲ್ಲಿಯೂ, ರಾಜ್ಯದ ನ್ಯಾಯವ್ಯವಸ್ಥೆ ತನ್ನ ಆದೇಶಗಳನ್ನು ಜಾರಿಗೊಳಿಸುವುದರಲ್ಲಿ ಫೆಡರಲ್ ನ್ಯಾಯಾಧೀಶರು ಮಧ್ಯಪ್ರವೇಶಿಸಬಾರದೆಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತ್ತು. ಆದ್ದರಿಂದ ತಮ್ಮ ಸಹೋದರರು ವಿಳಂಬ ಮಾಡದೆ, ಆಗ ಬೇರೆಡೆ ವಾಸವಿದ್ದುದಕ್ಕೆ ಬಾಡಿಗೆ ಕರಾರು, ವಿದ್ಯುತ್ ಬಿಲ್ಲುಗಳಂತಹ ದಾಖಲೆ ಲಗತ್ತಿಸಿ, ಏಕಪಕ್ಷೀಯ ತೀರ್ಪಿನ ರದ್ದತಿಗೂ ಅಲ್ಲಿಯವರೆಗೆ ಕಡಿತದ ತಡೆಗೂ ರಾಜ್ಯ ನ್ಯಾಯಾಲಯದಲ್ಲೇ ಅರ್ಜಿ ಸಲ್ಲಿಸಲಿ. ಅಷ್ಟರಲ್ಲಿ ಒಂದು ವರ್ಷ ಮುಗಿಯುವಂತಿದ್ದರೆ, ಪರಿಹಾರದ ದಾವೆಯ ಬಗ್ಗೆ ಸ್ಥಳೀಯ ವಕೀಲರನ್ನು ಇಂದೇ ಕಾಣಲಿ.