ದಾವಣಗೆರೆಯಿಂದ ಚಳಿಗಾಲಕ್ಕೆ ಗೋಕರ್ಣ: ಯಾವ ದಾರಿ, ಎಲ್ಲಿ ಉಳಿಯೋದು?

ಪ್ರಶ್ನೆ: ಡಿಸೆಂಬರ್‌ನಲ್ಲಿ ಅಪ್ಪ-ಅಮ್ಮನ ಜೊತೆ ಕಾರಲ್ಲಿ 3 ದಿನ. ಊರು ಸುತ್ತೋದು ಬೇಡ, ಸುಮ್ನೆ ಕಡಲ ಮುಂದೆ ಕೂರಬೇಕು.

ಉತ್ತರ 1: ಹರಿಹರ, ಹಾವೇರಿ, ಶಿರಸಿ, ದೇವಿಮನೆ ಘಾಟಿ, ಕುಮಟಾ. ಘಾಟಿ ತೆರೆದಿದೆಯಾ ಅಂತ ಶಿರಸಿಯಲ್ಲೇ ಕೇಳಿಕೊಳ್ಳಿ. ಮುಚ್ಚಿದ್ರೆ ಸಿದ್ದಾಪುರದ ಮೇಲೆ ಗೇರುಸೊಪ್ಪ ಘಾಟಿ ಹಿಡಿದು ಹೊನ್ನಾವರಕ್ಕೆ ಇಳೀರಿ. ಇಳಿಜಾರಲ್ಲಿ ಎರಡನೇ ಗೇರ್; ಬ್ರೇಕ್ ಒತ್ತಿಕೊಂಡೇ ಇಳಿದ್ರೆ ಕಾದು ಹಿಡಿತ ತಪ್ಪುತ್ತೆ.

ಉತ್ತರ 2: ಹಿರಿಯರಿಗೆ ಮಹಾಬಲೇಶ್ವರ ದೇವಸ್ಥಾನದ ಹತ್ತಿರದ ದೊಡ್ಡ ಬೀಚೇ ಸರಿ. ಕುಡ್ಲೆ, ಓಂ ಬೀಚ್ ಚೆಂದ, ಆದ್ರೆ ಮೆಟ್ಟಿಲು ಇಳಿದು ಹತ್ತಬೇಕು, ಮಂಡಿನೋವಿನವರಿಗೆ ಶಿಕ್ಷೆ.

ಉತ್ತರ 3: ಸ್ವೆಟರ್ ಘಾಟಿ ತನಕ ಸಾಕು. ಕರಾವಳಿಯಲ್ಲಿ ಹಗಲು 32 ಡಿಗ್ರಿ, ರಾತ್ರಿ 20ರ ಆಸುಪಾಸು. 11ರಿಂದ 4ರವರೆಗೆ ಮರಳು ಸುಡುತ್ತೆ. ಡಿಸೆಂಬರ್ 24ರ ನಂತರವಾದ್ರೆ ರೂಮ್ ಮೊದಲೇ ಹಿಡೀರಿ.

ಪ್ರಶ್ನೆ ಕೇಳಿದವರು: ಹಾಗಾದ್ರೆ 15ಕ್ಕೇ ಹೊರಡ್ತೀವಿ.